ಒಂದೇ ಒಲೆಯ ಮನೆ



ಅವಿಭಕ್ತ ಕುಟುಂಬವನ್ನು ಕುರಿತು ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿದಾಗ ನಾನು ಕೂಡಲೆ ಒಪ್ಪಿಕೊಳ್ಳಲಿಲ್ಲ. ನಾನು ಸಮಾಜಶಾಸ್ತ್ರವನ್ನಾಗಲಿ ಧರ್ಮಶಾಸ್ತ್ರವನ್ನಾಗಲಿ ಕ್ರಮವಾಗಿ ವ್ಯಾಸಂಗ ಮಾಡಿದವನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕು ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತನಾದವನು. ಈ ವಿಷಯದಲ್ಲಿ ನನಗಿರುವ ಅಧಿಕಾರ ಒಂದೇ. 1948ರಲ್ಲಿ ಹುಟ್ಟಿದ ನಾನು 1963ರ ಬೇಸಗೆಯವರೆಗೆ, ಸಿರ್ಸಿಗೂ ಸಿದ್ದಾಪುರಕ್ಕೂ ನಡುವಣ ಒಂದು ಹಳ್ಳಿಯಲ್ಲಿ, ಇಪ್ಪತ್ತಮೂರು ಜನ ಒಂದೇ ಒಲೆಯ ಅನ್ನವನ್ನುಣ್ಣುತ್ತಿದ್ದ ಮನೆಯಲ್ಲಿ ಬೆಳೆದೆನು. ಆ ಮನೆ ಹಿಸ್ಸೆಯಾದ ದಿನವೂ ನಾನು ಅಲ್ಲಿಯೇ ಇದ್ದೆನು. ಹಾಗೆ ಕಂಡದ್ದನ್ನು ಕಂಡಂತೆ ಹೇಳುವುದಾದರೆ ಒಂದು ಗಂಟೆಯ ಕಾಲ ತಮ್ಮೆದುರು ನಿಲ್ಲಬಹುದೆಂದು ಧೈರ್ಯ ತಂದುಕೊಂಡು ಬಂದಿದ್ದೇನೆ.

ನನ್ನ ಮಾತಿನ ವ್ಯಾಪ್ತಿಯನ್ನು ಮೊದಲೇ ನಿವೇದಿಸುತ್ತೇನೆ. ಆ ಮನೆಯ ಕಟ್ಟಡವನ್ನೂ ಅದರಲ್ಲಿ ಮಕ್ಕಳು ಬೆಳೆದ ರೀತಿಯನ್ನೂ ಮೊದಲು ಹೇಳಿ, ಆಮೇಲೆ ಅಲ್ಲಿನ ದುಡಿಮೆಗೂ ಯಜಮಾನಿಕೆಗೂ ಬಂದು, ಕಡೆಗೆ ಹಿಸ್ಸೆಯ ವಿಚಾರವನ್ನೆತ್ತುತ್ತೇನೆ. ಈ ಎಲ್ಲದರ ನಡುವೆ ಒಬ್ಬ ಹೆಂಗಸು ಮತ್ತೆ ಮತ್ತೆ ಎದುರಾಗುತ್ತಾಳೆ. ಆಕೆ ನನ್ನ ತಂದೆಯ ಅಕ್ಕ, ನಮಗೆಲ್ಲ ಅತ್ತೆ. ಒಟ್ಟುಕುಟುಂಬವು ಅಕ್ಕರೆಯನ್ನು ಧಾರಾಳವಾಗಿ ಹಂಚಿತು, ಹಕ್ಕನ್ನು ಹಾಗೆ ಹಂಚಲಿಲ್ಲ ಎಂಬುದೇ ನನ್ನ ಪ್ರತಿಪಾದನೆ. ಅದಕ್ಕೆ ನನ್ನಲ್ಲಿರುವ ಪ್ರಮಾಣ ಅತ್ತೆಯೊಬ್ಬಳೇ.

ನಮ್ಮ ಕಡೆಯ ಹವ್ಯಕರ ಮನೆಗಳನ್ನು ನೋಡಿದವರಿಗೆ ಆ ಮನೆಯ ವರ್ಣನೆ ಹೆಚ್ಚು ಬೇಡ. ಎದುರಿಗೆ ಅಡಕೆ ಒಣಗಿಸುವ ಅಟ್ಟವನ್ನು ಹೊತ್ತ ದೊಡ್ಡ ಅಂಗಳ. ಅಂಗಳವನ್ನು ದಾಟಿದರೆ ಉದ್ದಕ್ಕೆ ಜಗಲಿ. ಜಗಲಿಯಿಂದ ತಲೆ ಬಾಗಿಸಿಯೇ ದಾಟಬೇಕಾದ ಪ್ರಧಾನ ಬಾಗಿಲು. ಒಳಗೆ ನಡುಮನೆ, ಅದರ ಒಂದು ಪಕ್ಕಕ್ಕೆ ದೇವರ ಕೋಣೆ, ಇನ್ನೊಂದು ಪಕ್ಕಕ್ಕೆ ಉಗ್ರಾಣ. ಹಿಂದೆ ಅಡುಗೆಮನೆ, ಬಚ್ಚಲು, ಕೊಟ್ಟಿಗೆ. ಮೇಲೆ ಅಕ್ಕಿ ಮುಡಿಗಳನ್ನೂ ಅಡಕೆ ಚೀಲಗಳನ್ನೂ ಇಡುವ ಮೆತ್ತು. ಇಷ್ಟು ದೊಡ್ಡ ಮನೆಯಲ್ಲಿ ಒಬ್ಬರದೇ ಎನ್ನಬಹುದಾದ ಕೋಣೆ ಒಂದೂ ಇರಲಿಲ್ಲವೆಂಬುದನ್ನು ಈಗಿನ ಮಕ್ಕಳು ನಂಬುವುದಿಲ್ಲ. ಕೋಣೆಗಳಿಗೆ ಹೆಸರು ಬಂದಿದ್ದುದು ಕೆಲಸದಿಂದ, ಒಡೆಯನಿಂದಲ್ಲ. ಹೆರಿಗೆಯಾದವಳಿಗೆ ಬಾಣಂತಿ ಕೋಣೆ ಸಿಕ್ಕುತ್ತಿತ್ತು, ಆಕೆ ಎದ್ದು ಓಡಾಡುವಂತಾದ ಮೇಲೆ ಅದೇ ಕೋಣೆಯಲ್ಲಿ ಹಪ್ಪಳದ ಡಬ್ಬಿಗಳು ಸೇರುತ್ತಿದ್ದವು.

ಮನೆಯವರ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದೊಡ್ಡಪ್ಪ, ನನ್ನ ತಂದೆ, ಚಿಕ್ಕಪ್ಪ ಎಂದು ಮೂವರು ಸೋದರರು, ಅವರ ಹೆಂಡಿರು ಮೂವರು, ಅತ್ತೆ. ಮೂವರು ಸೋದರರಿಗೂ ಸೇರಿ ನಾವು ಹದಿನಾಲ್ಕು ಮಕ್ಕಳು. ಅದರ ಜೊತೆಗೆ ಕುಮಟೆಯ ಕಡೆಗೆ ಕೊಟ್ಟಿದ್ದ ಇನ್ನೊಬ್ಬ ಸೋದರತ್ತೆಯ ಇಬ್ಬರು ಗಂಡುಮಕ್ಕಳು, ಶಾಲೆಗೆಂದು ಬಂದವರು ಮನೆಯವರೇ ಆಗಿ ಉಳಿದಿದ್ದರು. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿದ್ದಳು. ಅಜ್ಜ ತೀರಿದ್ದು 1951ರಲ್ಲಿ. ಈ ಇಸವಿಯನ್ನು ತಾವು ನೆನಪಿಟ್ಟಿರಬೇಕೆಂದು ಪ್ರಾರ್ಥನೆ. ಮುಂದೆ ಅದರಿಂದ ಕೆಲಸವಿದೆ.

ಇಂಥ ಮನೆಯಲ್ಲಿ ಮಗುವಿಗೆ ತಾಯಿ ಯಾರು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಾಗಿರಲಿಲ್ಲ. ಹಿರಿಯರೆದುರಿಗೆ ತನ್ನ ಮಗುವನ್ನು ತಾನೇ ಎತ್ತಿ ಮುದ್ದಿಸುವುದು ಸೊಸೆಯಾದವಳಿಗೆ ಮರ್ಯಾದೆಯಲ್ಲವೆಂಬ ಭಾವನೆ ಆಗ ಬಲವಾಗಿದ್ದಿತು. ಆದ್ದರಿಂದ ನನ್ನ ತಾಯಿ ದೊಡ್ಡಪ್ಪನ ಮಕ್ಕಳಿಗೆ ಎಣ್ಣೆ ನೀರೆರೆಯುತ್ತಿದ್ದಳು, ನನಗೆ ಎರೆಯುತ್ತಿದ್ದವಳು ದೊಡ್ಡಪ್ಪನ ಹೆಂಡತಿ ದೊಡ್ಡಾಯಿ. ಚಿಕ್ಕಪ್ಪ ನನ್ನ ತಾಯಿಯನ್ನು ‘ಅತ್ತಿಗೆ’ ಎಂದು ಕರೆಯುತ್ತಿದ್ದುದನ್ನು ಕೇಳಿ ಕೇಳಿ ನಾನೂ ಆಕೆಯನ್ನು ಹತ್ತು ವರ್ಷದ ಹುಡುಗನಾಗುವವರೆಗೆ ‘ಅತ್ತಿಗೆ’ ಎಂದೇ ಕರೆದೆನು. ‘ಆಯಿ’ ಎಂಬ ಮಾತು ನನ್ನ ಬಾಯಲ್ಲಿ ದೊಡ್ಡಾಯಿಗೆ ಸಲ್ಲುತ್ತಿದ್ದಿತು. ಇದರಿಂದ ನನ್ನ ತಾಯಿಗೆ ಏನೆನಿಸಿತ್ತೆಂದು ಬಹಳ ವರ್ಷಗಳ ಮೇಲೆ ನಾನೇ ಕೇಳಿದೆ. ಆಕೆ ಹೇಳಿದ್ದಿಷ್ಟೆ: ಎಲ್ಲರೂ ಮಲಗಿದ ಮೇಲೆ ನೀನು ಎಲ್ಲಿ ಮಲಗಿದ್ದೀಯೆಂದು ಒಂದು ಸಾರಿ ನೋಡಿ ಬರುತ್ತಿದ್ದೆ. ಬಾಲ್ಯದಲ್ಲಿ ನನಗೆ ಒಂದು ಕೊರತೆಯೂ ಇರಲಿಲ್ಲವೆಂದು ಹೇಳುವಾಗಲೆಲ್ಲ ಈ ಉತ್ತರ ನನ್ನ ನಾಲಗೆಯನ್ನು ತಡೆಯುತ್ತದೆ. ನನಗೆ ಕೊರತೆಯಿರಲಿಲ್ಲ; ಆಕೆಗೆ ಇತ್ತು.

ರಾತ್ರಿ ಮಲಗುವ ವಿಚಾರ ಬಂದಿತಾದ್ದರಿಂದ, ಆ ಮನೆಯ ನೆನಪುಗಳಲ್ಲಿ ನನಗೆ ಎಲ್ಲಕ್ಕಿಂತ ನಿಚ್ಚಳವಾಗಿರುವ ಒಂದನ್ನು ಇಲ್ಲಿ ವಿವರವಾಗಿ ಹೇಳಬೇಕು. ನಾವು ಹದಿನಾರು ಮಕ್ಕಳು ನಡುಮನೆಯಲ್ಲಿ, ಮಳೆಗಾಲವಾದರೆ ಬಚ್ಚಲೊಲೆಯ ಬೆಚ್ಚನೆಯ ಗೋಡೆಗೆ ಹತ್ತಿರವಾಗಿ, ಉದ್ದ ಚಾಪೆಗಳ ಮೇಲೆ ಕಂಬಳಿ ಹೊದ್ದು ಸಾಲಾಗಿ ಮಲಗುತ್ತಿದ್ದೆವು. ಅಡುಗೆಮನೆಯ ಕೆಲಸವೆಲ್ಲ ಮುಗಿದು, ಒಲೆಯನ್ನು ಸಾರಿಸಿ, ಬಾಗಿಲುಗಳನ್ನು ಇಕ್ಕಿ, ಕೊನೆಯವಳಾಗಿ ಅತ್ತೆ ಕಂದೀಲು ಹಿಡಿದು ಬರುತ್ತಿದ್ದಳು. ಬೆಳಗಿನ ತೆಳ್ಳೇವಿಗೆ ಅಕ್ಕಿ ನೆನೆಹಾಕಬೇಕು. ನಮ್ಮ ಕಡೆಯ ತೆಳ್ಳೇವು ಹುಳಿ ಬರಿಸುವ ದೋಸೆಯಲ್ಲ, ರಾತ್ರಿ ನೆನೆಸಿದ ಅಕ್ಕಿಯನ್ನು ಬೆಳಗಿನ ಜಾವ ಸೌತೆಕಾಯಿಯೊಡನೆ ನುಣ್ಣಗೆ ರುಬ್ಬಿ ಆಗಲೇ ತೆಳ್ಳಗೆ ಹೊಯ್ಯುವಂಥದು. ಯಾವ ಮಗು ನೆಂಟರ ಮನೆಗೆ ಹೋಗಿದೆ, ಯಾವ ನೆಂಟರ ಮಗು ಇಲ್ಲಿಗೆ ಬಂದಿದೆ, ಯಾವುದಕ್ಕೆ ಜ್ವರ ಎಂಬುದೆಲ್ಲ ಆ ಗಳಿಗೆಯಲ್ಲಿ ತೀರ್ಮಾನವಾಗಬೇಕು. ಅದಕ್ಕಾಗಿ ಅತ್ತೆ ಬಗ್ಗಿ, ಕಂಬಳಿಯ ಹೊರಗಿದ್ದ ಒಂದೊಂದು ಕಾಲಿನ ಹೆಬ್ಬೆರಳನ್ನೂ ಮುಟ್ಟುತ್ತ ಎಣಿಸಿಕೊಂಡು ಹೋಗುತ್ತಿದ್ದಳು. ಕಾಲು ಕಂಬಳಿಯೊಳಗಿದ್ದರೆ ಮೆಲ್ಲನೆ ಸರಿಸಿ ಹುಡುಕುವಳು. ಆಕೆಯ ಬೆರಳುಗಳು ನೀರಿನ ಕೆಲಸದಿಂದ ಯಾವಾಗಲೂ ತಣ್ಣಗೆ. ಆ ತಣ್ಣನೆಯ ಸ್ಪರ್ಶಕ್ಕಾಗಿ ನಾವು ಕೆಲವರು ನಿದ್ದೆ ಬಂದಂತೆ ಕಣ್ಣು ಮುಚ್ಚಿ ಕಾಯುತ್ತಿದ್ದೆವು. ಸಾಲಿನ ಕೊನೆಗೆ ಬಂದು ‘ಹದಿನಾರು ಆತು’ ಎಂದು ತನಗೆ ತಾನೇ ಹೇಳಿಕೊಂಡು ಉಗ್ರಾಣಕ್ಕೆ ನಡೆದರೆ, ಅಕ್ಕಿಯ ಮೇಲೆ ಅಳತೆಯ ಸಿದ್ದೆ ಉಜ್ಜುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ನಮಗೆ ನಿಜವಾದ ನಿದ್ದೆ.

ಈಗ ಎರಡನೆಯ ವಿಚಾರಕ್ಕೆ, ದುಡಿಮೆಗೆ ಬರುತ್ತೇನೆ. ಅವಿಭಕ್ತ ಕುಟುಂಬವೆಂಬುದು ಬರಿಯ ಬಂಧುಪ್ರೀತಿಯಿಂದ ನಿಂತ ವ್ಯವಸ್ಥೆಯೆಂದು ಯಾರೂ ಭಾವಿಸಬಾರದು. ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಒಂದೇ ಸೂರು, ಒಂದೇ ಒಲೆ, ಒಂದೇ ಆಸ್ತಿ, ಒಂದೇ ಪೂಜೆ ಇವುಗಳನ್ನು ಅದರ ಲಕ್ಷಣಗಳನ್ನಾಗಿ ಹೇಳಿದ್ದಾರೆ. ಹಿಂದೆ ಎಲ್ಲರೂ ಹೀಗೆಯೇ ಇದ್ದರೆಂದೂ ಹೇಳಲಾಗದು, ಎ. ಎಂ. ಶಾ ಅವರು ಗುಜರಾತಿನ ಒಂದು ಹಳ್ಳಿಯ ಹಳೆಯ ಜನಗಣತಿಯ ಕಾಗದಗಳನ್ನು ಪರಿಶೀಲಿಸಿ 1973ರ ಗ್ರಂಥದಲ್ಲಿ ತೋರಿಸಿಕೊಟ್ಟಂತೆ, ಚಿಕ್ಕ ಸಂಸಾರಗಳು ಆ ಕಾಲದಲ್ಲಿಯೂ ಧಾರಾಳವಾಗಿದ್ದವು. ಭೂಮಿಯಿದ್ದಲ್ಲಿ, ಆ ಭೂಮಿ ಹಲವು ಕೈಗಳನ್ನು ಬೇಡಿದಲ್ಲಿ ಒಟ್ಟುಕುಟುಂಬ ನೆಲೆಯೂರುತ್ತಿತ್ತು. ನಮ್ಮಲ್ಲಿ ಹಾಗೆ ಬೇಡಿದುದು ಅಡಕೆ. ನಾಲ್ಕೂವರೆ ಎಕರೆ ತೋಟ. ಅದಕ್ಕೆ ಹಸಿ ಸೊಪ್ಪು, ಒಣ ತರಗು ಒದಗಿಸಲು ಅದರ ಹಲವು ಪಟ್ಟು ವಿಸ್ತಾರದ ಸೊಪ್ಪಿನಬೆಟ್ಟ. ಗೊಬ್ಬರಕ್ಕಾಗಿ ಕೊಟ್ಟಿಗೆ ತುಂಬ ದನ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಈ ಚಕ್ರ ಒಂದು ಕಡೆ ನಿಂತರೆ ಎಲ್ಲ ಕಡೆಯೂ ನಿಲ್ಲುತ್ತಿತ್ತು.

ಕೊನೆಕೊಯ್ಲಿನ ಕಾಲ ಬಂದಿತೆಂದರೆ, ದೀಪಾವಳಿಯಿಂದ ಹಿಡಿದು ಮಾಘದವರೆಗೆ, ಮನೆಯಲ್ಲಿ ಹಗಲು ರಾತ್ರಿಗಳ ಭೇದವಿರುತ್ತಿರಲಿಲ್ಲ. ಕೊನೆಗೌಡನು ಮರದಿಂದ ಮರಕ್ಕೆ ತೂಗಿಕೊಂಡು ಹೋಗಿ ಇಳಿಸಿದ ಕೊನೆಗಳು ಸಂಜೆಯ ಹೊತ್ತಿಗೆ ಜಗಲಿಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಊಟ ಮುಗಿಸಿ ಅಕ್ಕಪಕ್ಕದ ಮನೆಗಳವರೂ ಬಂದು, ತಮ್ಮ ತಮ್ಮ ಮೆಟ್ಟುಗತ್ತಿ ಹಾಕಿಕೊಂಡು ಗ್ಯಾಸಲೈಟಿನ ಸುತ್ತ ಕುಳಿತರೆ ಅಡಕೆ ಸುಲಿಯುವ ಕೆಲಸ ನಡುರಾತ್ರಿಯವರೆಗೆ. ಕಾಲಲ್ಲಿ ಮಣೆಯನ್ನು ಮೆಟ್ಟಿ, ಮೇಲೆದ್ದ ಅಲಗಿಗೆ ಹಸಿ ಅಡಕೆಯನ್ನು ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆಗೆ, ಅಡಕೆ ಇನ್ನೊಂದು ಕಡೆಗೆ. ಬಲ್ಲವರ ಕೈಯಲ್ಲಿ ಅದು ಕಣ್ಣೆವೆ ಇಕ್ಕುವಷ್ಟು ಹೊತ್ತಿನ ಕೆಲಸ. ಸೋದರತ್ತೆಯ ಹಿರಿಯ ಮಗ ಎರಡು ದಿನ ಹಳೆಯ ‘ಸಂಯುಕ್ತ ಕರ್ನಾಟಕ’ವನ್ನು ಗಟ್ಟಿಯಾಗಿ ಓದುವನು, ಅದು ಮುಗಿದರೆ ತಾಳಮದ್ದಳೆಯ ಅರ್ಥಗಾರಿಕೆಯ ಬಗೆಗೆ ಚರ್ಚೆ, ಅದೂ ಬೇಸರವಾದರೆ ಯಾರೋ ಒಬ್ಬರು ಭಾಮಿನಿಯಲ್ಲಿ ಎತ್ತಿಕೊಳ್ಳುವರು. ಕುಮಾರವ್ಯಾಸನನ್ನು ನಾನು ಪುಸ್ತಕದಲ್ಲಿ ಕಾಣುವ ಮೊದಲು ಸುಲಿದ ಅಡಕೆಯ ಒಗರು ವಾಸನೆಯ ನಡುವೆ ಕೇಳಿದೆನು. ಮುಂದೆ ತರಗತಿಯಲ್ಲಿ ಆತನನ್ನು ಕಲಿಸುವಾಗಲೆಲ್ಲ ಆ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಸುಲಿದ ಅಡಕೆಯನ್ನು ಮರುದಿನ ಬೆಳಗ್ಗೆ ಬೇಯಿಸಬೇಕು. ಅದಕ್ಕಾಗಿ ನಮ್ಮಲ್ಲಿ ಒಂದು ತಾಮ್ರದ ಹಂಡೆಯಿದ್ದಿತು. ಇಬ್ಬರು ಮಕ್ಕಳು ಒಳಗೆ ಕುಳಿತು ಅಡಗಬಹುದಾದಷ್ಟು ದೊಡ್ಡದು. ಅದರಲ್ಲಿ ಬೆಂದ ಅಡಕೆಯ ನೀರು ಗಟ್ಟಿಯಾಗುತ್ತ ಆಗುತ್ತ ಕಡುಗೆಂಪಿನ ಚೊಗರಾಗುವುದು. ಆ ಚೊಗರಿನ ಕರೆ ಹೆಂಗಸರ ಬೆರಳುಗಳಿಂದ ಶಿವರಾತ್ರಿಯವರೆಗೂ ಹೋಗುತ್ತಿರಲಿಲ್ಲ. ಬೇಯಿಸುವ ಹದ ನೋಡುತ್ತಿದ್ದವಳು ಅತ್ತೆ. ಒಂದು ಅಡಕೆಯನ್ನು ತೆಗೆದು ಉಗುರಿನಿಂದ ಅದುಮಿ ನೋಡಿ, ಇನ್ನೆರಡು ಕುದಿ ಬೇಕೆಂದೋ ಬೆಂಕಿ ಎಳೆಯಿರೆಂದೋ ಹೇಳುವಳು. ದರ ನಿರ್ಣಯವಾಗುತ್ತಿದ್ದುದು ಆ ಹದದಲ್ಲಿ. ಅಡಕೆ ಒಣಗಿ ಸಿರ್ಸಿಯ ಪೇಟೆಗೆ ಹೋಗಿ, 1923ರಲ್ಲಿ ಬೆಳೆಗಾರರೇ ಕೂಡಿ ಕಟ್ಟಿದ ಸಹಕಾರಿ ಮಾರಾಟ ಸಂಘದಲ್ಲಿ ತೂಕವಾದಾಗ ಒಳ್ಳೆಯ ದರ ಬಂದರೆ, ಮೆಚ್ಚಿಕೆ ದೊಡ್ಡಪ್ಪನಿಗೆ ಸಲ್ಲುತ್ತಿದ್ದಿತು. ದೊಡ್ಡಪ್ಪ ಅದನ್ನು ಬೇಡಿದವನಲ್ಲ. ಪಟ್ಟಿ ಅವನ ಹೆಸರಿನಲ್ಲಿ ಬರುತ್ತಿತ್ತು, ಅಷ್ಟೆ.

ಆ ಹಂಡೆಯ ಹಿಂದೆ ಒಂದು ಚರಿತ್ರೆಯಿದೆ. 1932ರ ಸುಮಾರಿನಲ್ಲಿ ಸಿದ್ದಾಪುರ, ಸಿರ್ಸಿ, ಅಂಕೋಲೆಯ ಕಡೆಗಳಲ್ಲಿ ಕರನಿರಾಕರಣೆಯ ಹೋರಾಟ ನಡೆದುದನ್ನು ತಾವೆಲ್ಲ ಬಲ್ಲಿರಿ. ದೊಡ್ಡಪ್ಪನು ಆಗ ತರುಣ. ಕಂದಾಯ ಕೊಡುವುದಿಲ್ಲವೆಂದು ನಿಂತು ಬೆಳಗಾವಿಯ ಹಿಂಡಲಗಾ ಜೈಲಿಗೆ ಹೋದನು. ಅವನು ಹಾಗೆ ಹೋಗಲು ಸಾಧ್ಯವಾದದ್ದು ಹಿಂದೆ ತೋಟ ನೋಡಿಕೊಳ್ಳಲು ತಂದೆ ತಮ್ಮಂದಿರಿದ್ದರೆಂದೇ ಎಂಬುದನ್ನು ಒಟ್ಟುಕುಟುಂಬದ ಪರವಾಗಿ ನಾನು ಅಭಿಮಾನದಿಂದ ಹೇಳುತ್ತೇನೆ. ಒಂಟಿ ಸಂಸಾರದ ಗಂಡಸಿಗೆ ಆ ಸ್ವಾತಂತ್ರ್ಯ ಎಲ್ಲಿಯದು? ಆದರೆ ಅದೇ ಕಾರಣದಿಂದ ಒಬ್ಬನ ಸತ್ಯಾಗ್ರಹದ ದಂಡ ಎಲ್ಲರ ಮೇಲೆಯೂ ಬಿದ್ದಿತು. ಜಮೀನು ಜಪ್ತಿಯಾಯಿತು, ಪಾತ್ರೆಗಳನ್ನು ಎತ್ತಿಕೊಂಡು ಹೋಗಲು ಜನ ಬರುತ್ತಾರೆಂದು ಸುದ್ದಿಯಾಯಿತು. ಆ ರಾತ್ರಿ ಅತ್ತೆ, ಯಾರನ್ನೂ ಕೇಳದೆ, ಹಂಡೆಯನ್ನು ಹಗ್ಗ ಕಟ್ಟಿ ಎಳೆದು ಕೊಟ್ಟಿಗೆಯ ಹಿಂದಣ ಗೊಬ್ಬರಗುಂಡಿಯಲ್ಲಿ ಮಗುಚಿ, ಮೇಲೆ ಸೊಪ್ಪು ಮುಚ್ಚಿ, ಅದರ ಮೇಲೆ ಸಗಣಿ ಹಾಕಿದಳು. ಮನೆಯ ಕಂಚು ಹಿತ್ತಾಳೆಯೆಲ್ಲ ಹೋದರೂ ಹಂಡೆ ಉಳಿಯಿತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರಕಾರ ಬಂದ ಮೇಲೆ ಜಮೀನು ಮರಳಿ ಬಂದಾಗ, ಮೊದಲ ಕೊಯ್ಲಿನ ಅಡಕೆ ಬೆಂದದ್ದು ಅದರಲ್ಲಿಯೇ. ಮಕ್ಕಳಾದ ನಮಗೆ ಈ ಕಥೆ ಎಷ್ಟು ಪ್ರಿಯವಾಗಿತ್ತೆಂದರೆ, ಮಳೆಗಾಲದ ಸಂಜೆ ಸುಟ್ಟ ಹಲಸಿನ ಹಪ್ಪಳ ಮುರಿಯುತ್ತ ಅತ್ತೆಯ ಬಾಯಿಂದ ಅದನ್ನು ಅದೆಷ್ಟು ಬಾರಿ ಹೇಳಿಸಿದೆವೋ ಲೆಕ್ಕವಿಲ್ಲ.

ಇಷ್ಟು ಹೊತ್ತು ಅತ್ತೆ ಎಂದು ಕರೆಯುತ್ತ ಬಂದ ಆಕೆ ಯಾರು, ತವರಿನಲ್ಲಿ ಏಕಿದ್ದಳು ಎಂಬುದನ್ನು ಈಗ ಹೇಳಬೇಕು. ಆಕೆಗೆ ಮದುವೆಯಾದದ್ದು ಎಂಟನೆಯ ವಯಸ್ಸಿನಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ, ಗಂಡನ ಮನೆಯಲ್ಲಿ ಒಂದು ಮಳೆಗಾಲವನ್ನೂ ಕಳೆಯುವ ಮೊದಲೇ, ಆತ ತೀರಿಕೊಂಡನು. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆ ಜಾರಿಗೆ ಬಂದದ್ದು 1930ರಲ್ಲಿ. ಆಕೆಯ ಪಾಲಿಗೆ ಅದು ಬಹಳ ತಡವಾಗಿ ಬಂದಿತು. ಆ ಕಾಲದ ಪದ್ಧತಿಯಂತೆ ಕೇಶವಪನವಾಗಿ, ಕೆಂಪು ಸೀರೆಯುಟ್ಟು, ಹಗಲು ಒಂದು ಹೊತ್ತು ಅನ್ನ, ರಾತ್ರಿ ಒಂದು ಹಿಡಿ ಅವಲಕ್ಕಿ ಎಂಬ ಕಟ್ಟಿನಲ್ಲಿ ತವರಿನಲ್ಲಿಯೇ ಉಳಿದಳು. ಆಕೆಯ ಕೈಯಡುಗೆಯಿಲ್ಲದೆ ನಮ್ಮಲ್ಲಿ ಒಂದು ಮದುವೆಯೂ ನಡೆಯಲಿಲ್ಲ, ಒಂದು ಮದುವೆಯ ಚಪ್ಪರಕ್ಕೂ ಆಕೆ ಬರಲಿಲ್ಲ. ಇದನ್ನು ನಾವು ಕ್ರೌರ್ಯವೆಂದು ಅರಿತಿರಲಿಲ್ಲ. ಆಗ ಅರಿತಿರಲಿಲ್ಲವಲ್ಲ ಎಂಬ ಸಂಕಟ ಈ ಎಂಬತ್ತರ ಸಮೀಪದಲ್ಲಿಯೂ ನನ್ನನ್ನು ಬಿಟ್ಟಿಲ್ಲ.

ಇನ್ನು ಮೂರನೆಯದಾಗಿ ಯಜಮಾನಿಕೆ. ಇದನ್ನು ನಾನು ಸಂಕ್ಷೇಪವಾಗಿ ಮುಗಿಸುತ್ತೇನೆ, ಏಕೆಂದರೆ ದೊಡ್ಡಪ್ಪನ ಯಜಮಾನಿಕೆಯಲ್ಲಿ ದೂರುವಂಥದು ಹೆಚ್ಚೇನೂ ಇರಲಿಲ್ಲ. ದೀಪಾವಳಿಗೆ ಸಿರ್ಸಿಯಿಂದ ಒಂದೇ ಥಾನು ಬಟ್ಟೆ ಬರುತ್ತಿತ್ತು. ಎಲ್ಲ ಹುಡುಗರಿಗೂ ಅದರಲ್ಲಿಯೇ ಅಂಗಿ, ಮಿಕ್ಕಿದ್ದರಲ್ಲಿ ದಿಂಬಿನ ಚೀಲ. ತನ್ನ ಮಕ್ಕಳಿಗೆ ಒಂದು ಗುಂಡಿ ಹೆಚ್ಚು ಇಡಿಸಿದವನಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಸಿರ್ಸಿಯ ಮಾರಿಕಾಂಬೆಯ ಜಾತ್ರೆಗೆ, ಕೊಯ್ಲಾದ ಮೇಲೆ ತೋಟದಲ್ಲಿ ಉದುರಿದ ಅಡಕೆಯನ್ನು ಹೆಕ್ಕಿ ಮಾರಿದ ದುಡ್ಡು ಮಕ್ಕಳದೇ ಎಂದು ವಿಧಿಸಿದವನೂ ಅವನೇ. ಪ್ರತಿ ರಾತ್ರಿ ಮಲಗುವ ಮುನ್ನ ಅವನು ಕೀರ್ದಿ ಬರೆಯುತ್ತಿದ್ದನು. ಆ ಕೀರ್ದಿ ಪುಸ್ತಕಗಳಲ್ಲಿ ಹನ್ನೆರಡು ವರ್ಷಗಳವು ಈಗ ನನ್ನಲ್ಲಿವೆ. 1957ರ ಏಪ್ರಿಲ್ ಒಂದರಂದು ರೂಪಾಯಿ, ಆಣೆ, ಪೈಗಳ ಮೂರು ಮನೆಗಳನ್ನು ಅಳಿಸಿ, ರೂಪಾಯಿ, ನಯೇ ಪೈಸೆ ಎಂದು ಎರಡೇ ಮನೆಗಳನ್ನು ಕೆಂಪು ಶಾಯಿಯಲ್ಲಿ ಎಳೆದಿರುವ ಗೆರೆ ಇಂದಿಗೂ ಮಾಸಿಲ್ಲ. ಕೊನೆಗೌಡನ ಕೂಲಿ, ದನದ ಹಿಂಡಿ, ಚಿಕ್ಕಪ್ಪ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದಾಗಿನ ಸಾಲದ ಬಾಕಿ, ಹೆಣ್ಣುಮಕ್ಕಳ ಬಳೆ, ಸತ್ಯನಾರಾಯಣ ಪೂಜೆಯ ದಕ್ಷಿಣೆ, ಎಲ್ಲವೂ ಅದರಲ್ಲಿವೆ. ಅತ್ತೆ ಎಷ್ಟು ಕಡೆ ಬಂದಿದ್ದಾಳೆಂದು ಒಂದು ವಾರ ಕುಳಿತು ಹುಡುಕಿದೆನು. ವರ್ಷಕ್ಕೊಮ್ಮೆ, ಯುಗಾದಿಯ ಹಿಂದು ಮುಂದಿನ ದಿನಗಳಲ್ಲಿ, ‘ಅಕ್ಕನಿಗೆ ಕೆಂಪು ಸೀರೆ 2’ ಎಂದಿದೆ. ಹನ್ನೆರಡು ವರ್ಷಕ್ಕೆ ಹನ್ನೆರಡು ಸಾಲು. ಕೀರ್ದಿಯಲ್ಲಿ ಖರ್ಚು ಬರುತ್ತದೆ, ಆದಾಯ ಬರುತ್ತದೆ. ಅಡಕೆಯ ಹದ ನೋಡಿದ ಉಗುರು ಎಲ್ಲಿ ಬರಬೇಕು?

ಕಡೆಯದಾಗಿ ಹಿಸ್ಸೆ. ಇಲ್ಲಿ ನ್ಯಾಯಶಾಸ್ತ್ರವನ್ನು ಸ್ವಲ್ಪ ಮುಟ್ಟದೆ ಗತಿಯಿಲ್ಲ. ಭಾರತದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬವನ್ನು ಆಳಿದ ಗ್ರಂಥ ಮಿತಾಕ್ಷರಾ. ಅದನ್ನು ಬರೆದವನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ. ಯಾಜ್ಞವಲ್ಕ್ಯಸ್ಮೃತಿಗೆ ನಮ್ಮ ಇಂದಿನ ಬಸವಕಲ್ಯಾಣದ ನೆಲದಲ್ಲಿ ಹುಟ್ಟಿದ ಒಂದು ವ್ಯಾಖ್ಯಾನ ಕಾಶಿಯವರೆಗೂ ಪ್ರಮಾಣವಾಯಿತೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯೇ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ಸಿದ್ಧಾಂತ; ಬಂಗಾಳದಲ್ಲಿ ನಡೆದ ಜೀಮೂತವಾಹನನ ದಾಯಭಾಗವಾದರೋ ತಂದೆ ತೀರಿದ ಮೇಲೆ ಹಕ್ಕು ಎನ್ನುತ್ತದೆ. ವಿಜ್ಞಾನೇಶ್ವರನ ಇನ್ನೊಂದು ವಿಚಾರ ನನ್ನ ಮನಸ್ಸನ್ನು ಬಹಳ ಸೆಳೆದಿದೆ. ‘ಸಪಿಂಡ’ ಎಂಬಲ್ಲಿ ಪಿಂಡವೆಂದರೆ ಶ್ರಾದ್ಧದ ಅನ್ನದ ಉಂಡೆಯಲ್ಲ, ಶರೀರ. ಒಂದೇ ಶರೀರದ ಅಂಶಗಳನ್ನು ಪಡೆದವರು ಸಪಿಂಡರು ಎಂದು ಅವನು ವಿವರಿಸಿದನು. ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿದವನೂ ಅವನೇ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಒಂದೇ ತಾಯಿತಂದೆಯರ ಶರೀರದ ಅಂಶಗಳನ್ನು ತಮ್ಮಂದಿರಷ್ಟೇ ಪಡೆದಿದ್ದ ನಮ್ಮ ಅತ್ತೆಗೆ, ತವರಿನ ಭೂಮಿಯಲ್ಲಿ ಜನ್ಮದಿಂದ ಬಂದ ಹಕ್ಕು ಅಂಗೈ ಅಗಲದಷ್ಟೂ ಇರಲಿಲ್ಲ.

ಕಾನೂನು ಆಕೆಯ ಹತ್ತಿರಕ್ಕೆ ಹಲವು ಬಾರಿ ಬಂದು ಹಿಂದಿರುಗಿತು. ಗಂಡನ ಆಸ್ತಿಯಲ್ಲಿ ವಿಧವೆಗೆ ಮಗನ ಸಮಾನವಾದ ಪಾಲನ್ನು, ಜೀವಮಾನಕ್ಕೆ ಸೀಮಿತವಾಗಿಯಾದರೂ, ಕೊಟ್ಟ ಕಾಯಿದೆ ಬಂದದ್ದು 1937ರಲ್ಲಿ. ಅದಕ್ಕೂ ಮೊದಲು ತೀರಿದವರ ಆಸ್ತಿಗೆ ಅದು ಅನ್ವಯಿಸದು, ಆಕೆಯ ಗಂಡ ತೀರಿ ಆಗಲೇ ಇಪ್ಪತ್ತು ವರ್ಷವಾಗಿತ್ತು. ತಂದೆಯ ಪಾಲಿನಲ್ಲಿ ಮಗಳಿಗೂ ಅಂಶ ಕೊಟ್ಟ ಹಿಂದೂ ಉತ್ತರಾಧಿಕಾರ ಅಧಿನಿಯಮ ಬಂದದ್ದು 1956ರಲ್ಲಿ. ಅಜ್ಜ ತೀರಿದ್ದು, ತಮ್ಮನ್ನು ನೆನಪಿಡಬೇಕೆಂದು ಕೇಳಿಕೊಂಡಂತೆ, 1951ರಲ್ಲಿ. ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ ತಿದ್ದುಪಡಿ ಮಾಡಿದ್ದು 1994ರಲ್ಲಿ, ಇಡೀ ದೇಶಕ್ಕೆ ಅದು ವಿಸ್ತರಿಸಿದ್ದು 2005ರಲ್ಲಿ. ಅಷ್ಟರಲ್ಲಿ ಆಕೆಯೇ ಇರಲಿಲ್ಲ. ನೂರು ಮೈಲಿ ದೂರವೂ ಇಲ್ಲದ ತುಳುನಾಡಿನಲ್ಲಿ ಅಳಿಯಸಂತಾನದ ಗುತ್ತಿನ ಮನೆಗಳಲ್ಲಿ ಹುಟ್ಟಿದ್ದರೆ ಮನೆತನ ಆಕೆಯ ಮೂಲಕವೇ ಮುಂದುವರಿಯುತ್ತಿತ್ತು. ಒಂದು ಘಟ್ಟವಿಳಿಯುವಷ್ಟರಲ್ಲಿ ಹೆಣ್ಣಿನ ಹಣೆಬರಹ ಬದಲಾಗುವುದಾದರೆ, ಅದನ್ನು ಬ್ರಹ್ಮಲಿಖಿತವೆಂದು ಹೇಗೆ ನಂಬುವುದು?

ನಮ್ಮ ಮನೆಯ ಹಿಸ್ಸೆ ಜಗಳದಿಂದಾದದ್ದಲ್ಲ. ಚಿಕ್ಕಪ್ಪನು ಮನೆಯ ಹಣದಿಂದ ಓದಿ ಪಟ್ಟಣದಲ್ಲಿ ನೌಕರಿ 
ಹಿಡಿದಿದ್ದನು, ಹೆಂಡತಿ ಮಕ್ಕಳು ಊರಲ್ಲಿಯೇ. ವಿದ್ಯೆಯಿಂದ ಗಳಿಸಿದ್ದು ಗಳಿಸಿದವನದೇ ಎಂದು 1930ರ ಇನ್ನೊಂದು ಕಾಯಿದೆ ಹೇಳುತ್ತದೆ. ಆ ವಿದ್ಯೆಗೆ ತೋಟ ಹಣ ತೆತ್ತಿತ್ತೆಂದು ಮನೆ ಹೇಳುತ್ತದೆ. ಎರಡೂ ನಿಜವಾದಾಗ ಮಾತು ಕಡಿಮೆಯಾಗುತ್ತದೆ, ಮಾತು ಕಡಿಮೆಯಾದ ಮನೆಯಲ್ಲಿ ಒಲೆ ಒಂದೇ ಆಗಿ ಉಳಿಯಲಾರದು. ಪಂಚರು ಐದು ಜನ ಜಗಲಿಯಲ್ಲಿ ಎರಡು ದಿನ ಕುಳಿತರು. ತೋಟವನ್ನು ಸಾಲು ಸಾಲಾಗಿ ಎಣಿಸಿದರು. ಗದ್ದೆ, ಬೆಟ್ಟ, ದನಗಳು ಹಂಚಿಹೋದವು. ದೇವರ ಪೂಜೆಗೆ ಪಾಳಿಯಾಯಿತು. ಪಾತ್ರೆಗಳನ್ನು ಅಂಗಳಕ್ಕೆ ತಂದು ತಕ್ಕಡಿಯಲ್ಲಿ ತೂಗಿದರು. ನನ್ನ ಅಕ್ಷರ ದುಂಡಗಿತ್ತೆಂದು ಪಾಲುಪಟ್ಟಿಯ ನಕಲನ್ನು ನನ್ನಿಂದಲೇ ಬರೆಯಿಸಿದರು. ‘ತಾಮ್ರದ ಹಂಡೆ ದೊಡ್ಡದು 1’ ಎಂದು ದೊಡ್ಡಪ್ಪನ ಪಾಲಿನಲ್ಲಿ ಬರೆದದ್ದು ನಾನೇ. ಕೊನೆಯ ಪುಟದ ಕೊನೆಯಲ್ಲಿ, ಪೂಜೆಯ ಪಾಳಿಯ ಕೆಳಗೆ, ಅಕ್ಕನ ಅನ್ನವಸ್ತ್ರಗಳನ್ನು ಮೂವರೂ ವರ್ಷಕ್ಕೆ ನಾಲ್ಕು ನಾಲ್ಕು ತಿಂಗಳಂತೆ ನೋಡಿಕೊಳ್ಳತಕ್ಕದ್ದೆಂದು ಬರೆಯಿಸಿದರು. ಹಂಡೆಗೆ ‘ದೊಡ್ಡದು’ ಎಂಬ ಗುರುತಾದರೂ ಇತ್ತು. ಆಕೆಗೆ ಹೆಸರನ್ನೂ ಬರೆಯಿಸಲಿಲ್ಲ. ಬರೆಯುವವನು ನಾನು, ಕೇಳಬಹುದಾಗಿತ್ತು, ಕೇಳಲಿಲ್ಲ. ಬಾಗಿಲ ಹಿಂದಿನಿಂದ ಅತ್ತೆ ಪಂಚರಿಗೆ ಆಸರಿಗೆಯೆಂದು ಪಾನಕದ ಲೋಟಗಳನ್ನು ಹೊಸಿಲ ಮೇಲೆ ಒಂದೊಂದಾಗಿ ಇಡುತ್ತಿದ್ದಳು.

ಅದೇ ಸಂಜೆ ಮನೆ ಮೂರಾಯಿತು. ಗೋಡೆ ಇನ್ನೂ ಬಂದಿರಲಿಲ್ಲ. ನಡುಮನೆಗೆ ಅಡ್ಡಲಾಗಿ ಅಡಕೆ ದಬ್ಬೆಯ ತಟ್ಟಿ ಕಟ್ಟಿದ್ದರು. ದೊಡ್ಡಪ್ಪನ ಮಕ್ಕಳು ಹಳೆಯ ಜಾಗದಲ್ಲಿಯೇ, ನಾವು ತಟ್ಟಿಯ ಈಚೆಗೆ, ಚಿಕ್ಕಪ್ಪನ ಮಕ್ಕಳು ಮೆತ್ತಿನ ಮೇಲೆ, ಸೋದರತ್ತೆಯ ಮಕ್ಕಳಿಬ್ಬರು ಎಲ್ಲಿ ಮಲಗುವುದೆಂದು ತಿಳಿಯದೆ ಜಗಲಿಯಲ್ಲಿ. ನನಗೆ ನಿದ್ದೆ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಕಂದೀಲಿನ ಬೆಳಕು ತಟ್ಟಿಯ ಸಂದುಗಳಲ್ಲಿ ಗೀರು ಗೀರಾಗಿ ಚಲಿಸಿತು. ಅತ್ತೆ ಆಚೆಯ ಸಾಲನ್ನು ಮುಗಿಸಿ, ತಟ್ಟಿಯನ್ನು ಸುತ್ತಿ ಬಂದು, ನನ್ನ ಕಾಲ ಹೆಬ್ಬೆರಳನ್ನು ಮುಟ್ಟಿದಳು. ಆಮೇಲೆ ಏಣಿ ಹತ್ತುವ ಸದ್ದು ಕೇಳಿಸಿತು. ಆಮೇಲೆ ಜಗಲಿಯ ಬಾಗಿಲು ಕಿರುಗುಟ್ಟಿತು. ಉಗ್ರಾಣವೂ ಅಂದು ಮೂರಾಗಿದ್ದಿತು. ಸಿದ್ದೆಯ ಸದ್ದು ಯಾವ ಕಡೆಯಿಂದ ಬಂದಿತೆಂದು ನನಗೆ ತಿಳಿಯಲಿಲ್ಲ.

ಬೆಳಗಿನ ಜಾವ ಒರಳಿನ ಬಳಿ ಹೋಗಿ ನೋಡಿದರೆ ಅತ್ತೆ ಹದಿನಾರು ಮಕ್ಕಳಿಗಾಗುವಷ್ಟು ಅಕ್ಕಿಯನ್ನು ಒಟ್ಟಿಗೇ ರುಬ್ಬಿ ಮುಗಿಸಿದ್ದಳು. ಹಿಂದಿನ ದಿನ ತೂಗಿ ಹಂಚಿದ ಪಾತ್ರೆಗಳಲ್ಲಿ ಮೂರನ್ನು, ಒಂದೊಂದು ಪಾಲಿನಿಂದ ಒಂದೊಂದರಂತೆ, ತಂದು ಸಾಲಾಗಿ ಇಟ್ಟುಕೊಂಡಿದ್ದಳು. ಹಿಟ್ಟನ್ನು ಸೌಟಿನಿಂದ ಹೊಯ್ಯುತ್ತ, ದೊಡ್ಡಪ್ಪನ ಆರು ಮಕ್ಕಳಿಗೆ, ನಮ್ಮ ಐವರಿಗೆ, ಚಿಕ್ಕಪ್ಪನ ಮೂವರಿಗೆ ಎಂದು ಎಣಿಸಿ, ಸೌಟು ಎತ್ತಿ ಹಿಡಿದು ನಿಂತಳು. ಸೋದರತ್ತೆಯ ಮಕ್ಕಳಿಬ್ಬರ ಹಿಟ್ಟು ಒರಳಿನಲ್ಲಿಯೇ ಉಳಿದಿತ್ತು. ನಾನು ನಿಂತಿರುವುದನ್ನು ಕಂಡು, ಅವರಿಬ್ಬರು ಯಾರ ಪಾಲಿಗೆಂದು ನಿನ್ನೆ ಬರೆದೆಯೋ ಎಂದು ಕೇಳಿದಳು. ಅವರ ಹೆಸರೂ ಪಟ್ಟಿಯಲ್ಲಿ ಇಲ್ಲವೆಂದು ನಾನು ಹೇಳಿದೆನು.

ಆಕೆ ಆ ಹಿಟ್ಟನ್ನು ತನ್ನ ಅವಲಕ್ಕಿಯ ಬಟ್ಟಲಿಗೆ ಬಳಿದುಕೊಂಡು, ಅವರನ್ನು ಎಬ್ಬಿಸಿ ಕರೆದುಕೊಂಡು ಬಾ ಎಂದಳು.